ಅಪ್ಪನ ಕೋಣೆಯ ಗುಂಯ್ ಸದ್ದು

ಮಕ್ಕಳೇ, 2019ರ ಮಳೆಗಾಲದಲ್ಲಿ ನಮ್ಮ ತಂದೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಎರಡು ತಿಂಗಳು ಹಾಸಿಗೆಯಲ್ಲೇ. ಕಣ್ಣು ಮಂಜಾಗಿದ್ದ ಅವರಿಗೆ ಟಿ.ವಿ. ಕಾಣಬೇಕೆಂದಿರಲಿಲ್ಲ, ಸಂಜೆಯ ವಾರ್ತೆ ಕಿವಿಗೆ ಬಿದ್ದರೆ ಸಾಕಿತ್ತು. ನಮ್ಮದು ಹಳೆಯ ಉದ್ದನೆಯ ಮನೆ. ಟಿ.ವಿ. ಜಗಲಿಯಲ್ಲಿ, ಅವರ ಮಂಚ ಹಿಂದಿನ ಕೋಣೆಯಲ್ಲಿ. ಅಟ್ಟದಲ್ಲಿದ್ದ ಹಳೆಯ ಆಂಪ್ಲಿಫೈಯರ್ ಮತ್ತು ಸ್ಪೀಕರನ್ನು ಮಂಚದ ಪಕ್ಕ ಇಟ್ಟು, ಟಿ.ವಿ.ಯಿಂದ ಅಲ್ಲಿಗೆ ಸುಮಾರು 20 ಮೀಟರ್ ತಂತಿ ಎಳೆದೆ. ಕರೆಗಂಟೆಗೆಂದು ತಂದು ಉಳಿದಿದ್ದ ಜೋಡಿ ತಂತಿ ಅದು.

ಸ್ವಿಚ್ ಹಾಕಿದೆ. ಗುಂಯ್ಯ್!

"ಏನೋ ಇದು, ವಾರ್ತೆ ಓದುವವಳ ಬಾಯೊಳಗೆ ದುಂಬಿ ಹೊಕ್ಕಿದೆಯಾ?" ಎಂದರು ಅಪ್ಪ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಇದಕ್ಕಿಂತ ಅವಮಾನ ಬೇಕೆ?

ಆಂಪ್ಲಿಫೈಯರಿನಿಂದ ತಂತಿ ಕಿತ್ತೆ. ಸದ್ದು ನಿಂತಿತು. ಹಾಗಾದರೆ ಗುಂಯ್ ಬರುತ್ತಿರುವುದು ತಂತಿಯ ಮೂಲಕವೇ. ಅದರ ಜಾಡು ಹಿಡಿದು ಹೋದರೆ, ಫ್ಯಾನು ದೀಪಗಳ ತಂತಿಗೇ ಅಂಟಿಸಿ ಕಟ್ಟಿದ್ದೇನೆ! ಮನೆಗೆ ಬರುವುದು ಪರ್ಯಾಯ ವಿದ್ಯುತ್. ಅದು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಓಲಾಡುತ್ತದೆ; ಜೊತೆಗೆ ಸುತ್ತಲಿನ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರಗಳೂ ಓಲಾಡುತ್ತವೆ. ಬದಲಾಗುವ ಕಾಂತಕ್ಷೇತ್ರ ಪಕ್ಕದ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಟಿ.ವಿ.ಯ ಧ್ವನಿಸಂಕೇತವೋ ಒಂದು ವೋಲ್ಟಿನ ಆಸುಪಾಸಿನದು. 230 ವೋಲ್ಟಿನ ನೆರೆಯವನ ಪಿಸುಮಾತೂ ಅದಕ್ಕೆ ಅಬ್ಬರವೇ.

ಪೇಟೆಯಿಂದ ಕವಚವಿರುವ ತಂತಿ ತಂದೆ. ಇದರಲ್ಲಿ ಒಳತಂತಿಯ ಸುತ್ತ ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದಿರುತ್ತಾರೆ. ಅದನ್ನು ಕರೆಂಟಿನ ತಂತಿಯಿಂದ ಒಂದಡಿ ದೂರದಲ್ಲಿ ಎಳೆದೆ. ದಾಟಲೇಬೇಕಾದ ಕಡೆ ಲಂಬವಾಗಿ ದಾಟಿಸಿದೆ. ಸದ್ದು ಕುಗ್ಗಿತು, ಹೋಗಲಿಲ್ಲ.

ಮೈಕ್‌ಸೆಟ್ ಬಾಡಿಗೆಗೆ ಕೊಡುವ ಪರಿಚಯದವರೊಬ್ಬರು, "ಪ್ಲಗ್ಗಿನ ದಪ್ಪ ಪಿನ್ನಿನ ತಂತಿ ಬಿಚ್ಚಿಬಿಡಿ ಸರ್, ಹೋಗ್ತದೆ" ಎಂದರು. ಬಿಚ್ಚಿದೆ. ನಿಜವಾಗಿಯೂ ಹೋಯಿತು! ಅಪ್ಪನಿಗೆ ಖುಷಿ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಆಂಪ್ಲಿಫೈಯರಿನದು ಕಬ್ಬಿಣದ ಪೆಟ್ಟಿಗೆ. ಒಳಗೆ ತಂತಿಯ ಸಿಪ್ಪೆ ಸುಲಿದು ಪೆಟ್ಟಿಗೆಗೆ ತಾಗಿದರೆ, ಆ ವಿದ್ಯುತ್ತನ್ನು ನೆಲಕ್ಕಿಳಿಸುವುದೇ ಆ ದಪ್ಪ ಪಿನ್ನು. ಅದಿಲ್ಲದಿದ್ದರೆ ಪೆಟ್ಟಿಗೆ ಮುಟ್ಟಿದವರ ಮೈಯೇ ದಾರಿ. ಅಪ್ಪ ನೀರಿನ ಲೋಟ ಇಡುತ್ತಿದ್ದದ್ದು ಆ ಪೆಟ್ಟಿಗೆಯ ಮೇಲೆ, ಒದ್ದೆ ಕೈಯಲ್ಲಿ! ಹನ್ನೊಂದು ಗಂಟೆಗೆ ಎದ್ದು, ಪ್ಲಗ್ ಕಿತ್ತು, ಟಾರ್ಚ್ ಬೆಳಕಿನಲ್ಲಿ ಆ ತಂತಿಯನ್ನು ಮತ್ತೆ ಜೋಡಿಸಿದೆ. ಅದನ್ನು ಬಿಚ್ಚಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗುಂಯ್ ಮರಳಿ ಬಂತು. ಆದರೆ ಒಂದು ಸುಳಿವು ಸಿಕ್ಕಿತ್ತು: ಸದ್ದಿನ ದಾರಿಯಲ್ಲಿ ಅರ್ತಿಂಗ್ ಇದೆ. ಬೆಳಿಗ್ಗೆ ಟಿ.ವಿ.ಯ ಬದಲು ಚಾರ್ಜರ್ ಇಲ್ಲದ ಮೊಬೈಲನ್ನು ತಂತಿಗೆ ಸಿಕ್ಕಿಸಿದೆ. ಸ್ವಚ್ಛ ಧ್ವನಿ. ಮತ್ತೆ ಟಿ.ವಿ. ಜೋಡಿಸಿ, ಬೀದಿಯಿಂದ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ಲನ್ನು ತಿರುಗಿಸಿ ತೆಗೆದೆ. ಸದ್ದು ತಟ್ಟನೆ ನಿಂತಿತು. ಚಿತ್ರವೂ ಹೋಯಿತೆನ್ನಿ!

ಆ ಕೇಬಲ್ಲಿನ ಕವಚ ಬೀದಿಯಲ್ಲೆಲ್ಲೋ ನೆಲಕ್ಕೆ ಸೇರಿದೆ. ಆಂಪ್ಲಿಫೈಯರ್ ನಮ್ಮ ಮನೆಯ ನೆಲಕ್ಕೆ. ಮಟ್ಟ ಬೇರೆಯಿರುವ ಎರಡು ಬಾವಿಗಳಿಗೆ ಕೊಳವೆ ಹಾಕಿದರೆ ನೀರು ಹರಿಯುತ್ತದಲ್ಲವೆ? ಹಾಗೆಯೇ ನನ್ನ ತಂತಿಯ ಕವಚದಲ್ಲಿ ಬೇಡದ ವಿದ್ಯುತ್ ಹರಿದು ಧ್ವನಿಯೊಡನೆ ಬೆರೆಯುತ್ತಿತ್ತು. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ.

ಬೆಂಕಿಪೊಟ್ಟಣದಷ್ಟು ದೊಡ್ಡ ಆಡಿಯೊ ಟ್ರಾನ್ಸ್‌ಫಾರ್ಮರನ್ನು ಧ್ವನಿತಂತಿಯ ನಡುವೆ ಸೇರಿಸಿದೆ. ಅದರಲ್ಲಿ ಎರಡು ಸುರುಳಿಗಳಿವೆ, ಒಂದಕ್ಕೊಂದು ತಾಗುವುದಿಲ್ಲ. ಧ್ವನಿ ಕಾಂತಕ್ಷೇತ್ರವಾಗಿ ದಾಟುತ್ತದೆ, ನೆಲದ ವಿದ್ಯುತ್ತಿಗೆ ದಾರಿ ಕಡಿಯುತ್ತದೆ. ಮೊದಲ ದಿನ ತೊಂದರೆ ಕೊಟ್ಟ ಫ್ಯಾರಡೆಯವರ ನಿಯಮವೇ ಇಲ್ಲಿ ಕೈಹಿಡಿಯಿತು.

ಅಂದು ಸಂಜೆ ಅಪ್ಪ ಅರ್ಧ ಗಂಟೆ ಕಣ್ಣುಮುಚ್ಚಿ ವಾರ್ತೆ ಕೇಳಿದರು. ನೀರಿನ ಲೋಟಕ್ಕೆ ಪಕ್ಕದಲ್ಲೊಂದು ಸ್ಟೂಲ್ ಇಟ್ಟಿದ್ದೆ. "ದುಂಬಿ ಹೋಯಿತೇನೋ?" ಎಂದು ಕೇಳಿ, ತಾವೇ ಕೈಚಾಚಿ ವಾಲ್ಯೂಮ್ ತುಸು ತಗ್ಗಿಸಿದರು.