ಕಂಬಂ ಕಣಿವೆಯಲ್ಲಿ ನೀರಿನ ರುಚಿ

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡುವುದುಂಟು. ಶಿಕ್ಷಕ ತರಬೇತಿ ಮುಗಿಸಿ ಬಂದಂದಿನಿಂದ ನಾವೂ ಹಾಗೆಯೇ ಹೇಳುತ್ತ ಬಂದಿದ್ದೇವೆ. ಪಾಠ ಸುಳ್ಳಲ್ಲ, ಆದರೆ ಅದು ಶುದ್ಧ ಜಲದ ಮಾತು. ಬಾವಿ, ಹೊಳೆ, ನಲ್ಲಿಗಳಲ್ಲಿ ದೊರೆಯುವ ನೀರಿಗೆ ರುಚಿಯುಂಟೆಂಬುದನ್ನು ನಮ್ಮ ಭಾಷೆಯೇ ಒಪ್ಪಿಕೊಂಡಿದೆ. ಸಿಹಿನೀರು, ಉಪ್ಪುನೀರು, ಸವುಳುನೀರು, ಸಪ್ಪೆನೀರು ಎಂಬ ಮಾತುಗಳು ಸುಮ್ಮನೆ ಹುಟ್ಟಿದವಲ್ಲ.

ಬಾಯಾರಿದ್ದರೂ ಬರಿಯ ನೀರನ್ನು ಕುಡಿಯಲೊಲ್ಲದವರು ಹೆಚ್ಚು ಕಡಿಮೆ ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಇರುತ್ತಾರೆ. ಚಹಾ ಕೊಟ್ಟರೆ ಕುಡಿಯುತ್ತಾರೆ, ಮಜ್ಜಿಗೆ ಕೊಟ್ಟರೆ ಬೇಡವೆನ್ನುವುದಿಲ್ಲ. ನೀರಿನ ಲೋಟವನ್ನು ಮಾತ್ರ ಅರ್ಧಕ್ಕೆ ಇಟ್ಟುಬಿಡುತ್ತಾರೆ. ಇದನ್ನು ಹಟವೆಂದು ಹಿರಿಯರು ಗದರಿಸುತ್ತಾರೆ. ಅದು ನಿಜವಾಗಿ ಹಟವೇ ಎಂಬ ವಿಚಾರವು ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳಲ್ಲಿ ನಾವು ಕೈಗೊಂಡ ಪ್ರವಾಸದಲ್ಲಿ ಸ್ಪಷ್ಟವಾಯಿತು. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ಒಕ್ಕಲಿಗರನ್ನೂ ದೇವಾಂಗ ನೇಕಾರರನ್ನೂ ಕಂಡು ಬರುವುದು ನಮ್ಮ ಉದ್ದೇಶವಾಗಿತ್ತು.

ಕಾಸರಗೋಡಿನಿಂದ ಕೋಟ್ಟಯಂ ಮಾರ್ಗವಾಗಿ ಬೇಸಿಗೆಯ ರಜೆಯಲ್ಲಿ ಸಕುಟುಂಬರಾಗಿ ಹೊರಟ ನಾವು ಕುಮಿಳಿಯಲ್ಲಿ ಊಟಕ್ಕೆ ಇಳಿದೆವು. ಕೇರಳದ ಕೊನೆಯ ಊರು ಅದು. ಹೋಟೆಲಿನವನು ಪದಿಮುಗಂ ಚಕ್ಕೆ ಹಾಕಿ ಕುದಿಸಿದ ನಸುಗೆಂಪು ನೀರನ್ನು ತಂದಿಟ್ಟನು. ನಮಗೆ ಇದು ಹೊಸತಲ್ಲ. ಪಕ್ಕದ ಮೇಜಿನಲ್ಲಿ ಕುಳಿತಿದ್ದ ತಮಿಳು ರೈತರೊಬ್ಬರು ಮಾತ್ರ ಲೋಟವನ್ನು ಸರಿಸಿ, ತಮಗೆ ‘ಪಚ್ಚೆ ತಣ್ಣಿ’ ಬೇಕೆಂದರು. ಮಲಯಾಳದಲ್ಲಿ ‘ಪಚ್ಚವೆಳ್ಳಂ’ ಎಂದರೂ ತಮಿಳಿನಲ್ಲಿ ‘ಪಚ್ಚೆ ತಣ್ಣಿ’ ಎಂದರೂ ಕುದಿಸದ, ಏನನ್ನೂ ಬೆರೆಸದ ನೀರು ಎಂದೇ ಅರ್ಥ. ಒಬ್ಬನಿಗೆ ಅದು ಕುಡಿಯಲು ಅಂಜಿಕೆ ತರುವ ವಸ್ತು, ಇನ್ನೊಬ್ಬನಿಗೆ ಅದೇ ನಿಜವಾದ ನೀರು. ನಾಲಿಗೆಯ ಇಷ್ಟಾನಿಷ್ಟಗಳಲ್ಲಿ ರೂಢಿಯ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕುಮಿಳಿಯಿಂದ ಘಾಟಿ ಇಳಿದರೆ ಲೋವರ್ ಕ್ಯಾಂಪ್. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರುತ್ತಿದ್ದ ಪೆರಿಯಾರಿನ ನೀರನ್ನು ಪೂರ್ವಕ್ಕೆ ತಿರುಗಿಸಿದ ಅದ್ಭುತ ಕಾರ್ಯದ ಫಲವನ್ನು ಇಲ್ಲಿ ಕಣ್ಣಾರೆ ನೋಡಬಹುದು. 1886ರಲ್ಲಿ ತಿರುವಾಂಕೂರಿನ ಮಹಾರಾಜರಿಗೂ ಬ್ರಿಟಿಷ್ ಸರಕಾರಕ್ಕೂ 999 ವರ್ಷಗಳ ಗೇಣಿಯ ಕರಾರು ಆಯಿತು. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಮುಂದಾಳುತನದಲ್ಲಿ ಕಟ್ಟಿದ ಅಣೆಕಟ್ಟು 1895ರಲ್ಲಿ ಪೂರ್ಣಗೊಂಡಿತು. ಬೆಟ್ಟದ ಅಡಿಯಲ್ಲಿ ಕೊರೆದ ಒಂದು ಮೈಲಿಗೂ ಮಿಕ್ಕಿದ ಸುರಂಗದಲ್ಲಿ ನೀರು ಈಚೆಗೆ ಬಂದು ಕಣಿವೆಗೆ ಇಳಿಯುತ್ತದೆ. ಕಣಿವೆಯ ಭತ್ತ, ಬಾಳೆ, ತೆಂಗು, ಪನ್ನೀರ್ ದ್ರಾಕ್ಷಿಗಳಿಗೆಲ್ಲ ಈ ನೀರೇ ಆಧಾರ. ಪೆನ್ನಿಕ್ವಿಕ್ ಅವರ ಜನ್ಮದಿನವಾದ ಜನವರಿ 15ರಂದು ಇಲ್ಲಿಯ ರೈತರು ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. 2013ರಲ್ಲಿ ಲೋವರ್ ಕ್ಯಾಂಪಿನಲ್ಲಿ ಅವರಿಗೆ ಸ್ಮಾರಕ ಮಂಟಪವೂ ಆಯಿತು.

ಅಲ್ಲಿ ಕುಡಿದ ನೀರು ನಮ್ಮ ಬಾಯಾರು, ಪೈವಳಿಕೆಗಳ ಗುಡ್ಡದ ಸುರಂಗಗಳ ನೀರನ್ನು ನೆನಪಿಗೆ ತಂದಿತು. ತಣ್ಣಗೆ, ಹಗುರವಾಗಿ, ಗಂಟಲಲ್ಲಿ ಇಳಿದುದೇ ತಿಳಿಯದಂತಹ ನೀರು. ಕಾಡಿನ ಮಳೆನೀರಿನಲ್ಲಿ ಲವಣಗಳು ಕಡಿಮೆ. ಅದೇ ನೀರು ಕಲ್ಲುಮಣ್ಣುಗಳ ನಡುವೆ ಬಹುಕಾಲ ಇಂಗಿ ನಿಂತರೆ ಸುಣ್ಣ, ಮೆಗ್ನೀಸಿಯಂ, ಉಪ್ಪು ಮೊದಲಾದವನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು ವಿಧಿಸಿದ ಪ್ರಮಾಣವು ಲೀಟರಿಗೆ 500 ಮಿಲಿಗ್ರಾಂ ಕರಗಿದ ಲವಣ. ಬೇರೆ ನೀರೇ ಇಲ್ಲದ ಕಡೆಯಲ್ಲಿ 2000ದವರೆಗೂ ವಿನಾಯಿತಿಯಿದೆ. 500ರ ನೀರನ್ನು ಕುಡಿದು ಬೆಳೆದವನಿಗೆ 2000ದ ನೀರು ಸೇರದಿದ್ದರೆ ಅದು ಹಟವೆನಿಸಲಾರದು.

ನಾಲಿಗೆಯ ವ್ಯವಹಾರವೂ ವಿಚಿತ್ರವಾದುದು. ಅದು ಸದಾ ನಮ್ಮ ಜೊಲ್ಲಿನಲ್ಲಿ ನೆನೆದಿರುತ್ತದೆ, ಜೊಲ್ಲಿನಲ್ಲಿಯೂ ಲವಣಗಳುಂಟು. ಆದುದರಿಂದ ತೀರ ಶುದ್ಧವಾದ ನೀರು ಬಾಯಿಗೆ ಬಿದ್ದರೆ ಕೆಲವರಿಗೆ ಅದು ಸಪ್ಪೆಯಾಗಿ, ಒಂದಿಷ್ಟು ಕಹಿಯಾಗಿಯೂ ತೋರುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಸಿಹಿಯಾಗುವುದನ್ನು ಬಲ್ಲದ ಮಕ್ಕಳಿಲ್ಲ. ನೀರು ಬದಲಾಗಿಲ್ಲ, ಬಾಯಿ ಬದಲಾಗಿದೆ. 2017ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ಹುಳಿಯನ್ನು ಗುರುತಿಸುವ ನಾಲಿಗೆಯ ಕಣಗಳೇ ನೀರನ್ನೂ ಗುರುತಿಸುತ್ತವೆಂದು ತೋರಿಸಿದರು. ಹೀಗಿರಲು, ‘ನೀರು ರುಚಿಸುವುದಿಲ್ಲ’ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ.

ಗೂಡಲೂರು ದಾಟಿ ಕಂಬಂ ಪಟ್ಟಣಕ್ಕೆ ಬಂದೆವು. ಇಲ್ಲಿಯ ಒಕ್ಕಲಿಗರು ಮನೆಯೊಳಗೆ ಇಂದಿಗೂ ಕನ್ನಡವನ್ನೇ ಆಡುತ್ತಾರೆ. ಶಾಲೆಯ ಓದು ತಮಿಳಿನಲ್ಲಿ. ಆದುದರಿಂದ ಕನ್ನಡ ಅಕ್ಷರ ಹೆಚ್ಚಿನವರಿಗೆ ಬಾರದು. ನಂದಗೋಪಾಲ ಸ್ವಾಮಿಯ ಹೆಸರಿನಲ್ಲಿ ಇವರು ಕಾಪಾಡಿಕೊಂಡು ಬಂದಿರುವ ದನದ ದೊಡ್ಡಿಯೇ ಒಂದು ದೇವಾಲಯ. ಮಾಟ್ಟು ಪೊಂಗಲ್ ದಿನ ಅಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ.

ಆ ದೊಡ್ಡಿಯ ಬಳಿಯ ಒಂದು ಮನೆಯ ಜಗಲಿಯಲ್ಲಿ ವೃದ್ಧೆಯೊಬ್ಬರು ನಮ್ಮ ಮಾತನ್ನು ಕೇಳಿ, “ಯಾವೂರಪ್ಪಾ ನೀವು?” ಎಂದು ಒಳಗೆ ಕರೆದರು. ತಮಿಳಿನ ರಾಗ ಬೆರೆತ ಅವರ ಕನ್ನಡ ನಮಗೆ ಬಹು ಹಿತವೆನಿಸಿತು. ಮಾತಿನ ನಡುವೆ ಅವರು ಸೊಸೆಯನ್ನು ಕುರಿತು ದೂರಿಕೊಂಡರು: “ನನ್ನ ಸೊಸೆಗೆ ನೀರೇ ಸೇರದಪ್ಪಾ. ಇಷ್ಟು ಒಳ್ಳೆಯ ನೀರು ಮನೆ ಬಾಗಿಲಿಗೆ ಬಂದರೂ ಒಂದು ಚೊಂಬು ಕುಡಿಯುವುದಿಲ್ಲ. ಮೊನ್ನೆ ಉರಿಮೂತ್ರವಾಗಿ ಆಸ್ಪತ್ರೆಗೆ ಹೋಗಿ ಬಂದಳು.”

ಸೊಸೆ ನಮ್ಮೆದುರಿಗೆ ಏನೂ ಹೇಳಲಿಲ್ಲ. ಒಳಗೆ ನಮ್ಮ ಮನೆಯವರೊಡನೆ ಮಾತ್ರ ಮನಸ್ಸು ಬಿಚ್ಚಿದಳು. “ನೀರು ಸೇರದೆ ಏನಕ್ಕಾ? ಬೆಳಗಿನ ಜಾವ ಏಲಕ್ಕಿ ತೋಟಕ್ಕೆ ಜೀಪು ಹತ್ತುತ್ತೇವೆ. ಗಂಡಸರೂ ಇರುತ್ತಾರೆ. ಘಾಟಿಯಲ್ಲಿ ಜೀಪು ನಿಲ್ಲಿಸೆಂದು ಹೇಗೆ ಹೇಳುವುದು? ತೋಟದಲ್ಲಿಯೂ ಮರೆಯಿಲ್ಲ. ಕುಡಿದರೆ ಎಲ್ಲಿಗೆ ಹೋಗಲಿ? ಕುಡಿಯದೇ ಇದ್ದು ಇದ್ದು ಈಗ ಮನೆಯಲ್ಲಿಯೂ ಬೇಕೆನಿಸುವುದಿಲ್ಲ.”

ಈ ಮಾತನ್ನು ಓದುಗರು ಗಮನವಿಟ್ಟು ವಿಚಾರಿಸಬೇಕು. ಕಂಬಂ, ಬೋಡಿನಾಯಕನೂರು ಕಡೆಗಳಿಂದ ಕೂಲಿಯ ಹೆಣ್ಣುಮಕ್ಕಳು ಪ್ರತಿದಿನ ಗಡಿ ದಾಟಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ದುಡಿಯಲು ಹೋಗುತ್ತಾರೆ. ಅತ್ತೆಯ ಕಣ್ಣಿಗೆ ಕಂಡುದು ನೀರಿನ ಮೇಲಿನ ಅರುಚಿ. ಅದರ ಬೇರು ಇದ್ದುದು ನಾಚಿಕೆಯಲ್ಲಿ. ನೀರನ್ನು ಕಡಿಮೆ ಮಾಡಿದಾಗ ಮೂತ್ರ ಗಟ್ಟಿಯಾಗುತ್ತದೆ, ಅದನ್ನು ತಡೆದು ಹಿಡಿದಾಗ ರೋಗಾಣುಗಳು ಬೆಳೆಯಲು ಎಡೆಯಾಗುತ್ತದೆ, ಕಲ್ಲು ಕಟ್ಟುವ ಸಂಭವವೂ ಹೆಚ್ಚುತ್ತದೆ. ಒಳ್ಳೆಯ ನೀರನ್ನು ಮನೆ ಬಾಗಿಲಿಗೆ ತಂದುಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂದಾಯಿತು.

ಉತ್ತಮಪಾಳೆಯಂ, ಚಿನ್ನಮನೂರುಗಳ ಹಸುರು ಗದ್ದೆಗಳನ್ನು ಹಾದು ತೇನಿಗೆ ಬಂದೆವು. ಅಂಗಡಿಗಳಲ್ಲಿ ಪನ್ನೀರ್ ಸೋಡಾ, ನನ್ನಾರಿ ಶರಬತ್ತು, ಬೊವಾಂಟೊ ಸೀಸೆಗಳು ಸಾಲಾಗಿ ನಿಂತಿದ್ದವು. ಬಿಸಿಲಿನಲ್ಲಿ ಬಂದ ಮಕ್ಕಳು ಅವನ್ನೇ ಬಯಸುವುದು ಸಹಜ. ತಂಪು, ಸಿಹಿ, ಪರಿಮಳ ಮೂರೂ ಸೇರಿದ ಪಾನೀಯಕ್ಕೆ ಒಗ್ಗಿದ ನಾಲಿಗೆಗೆ ಬಳಿಕ ಬರಿಯ ನೀರು ಬಡವಾಗಿ ಕಾಣುತ್ತದೆ. ಅಪರೂಪಕ್ಕೆ ಕುಡಿದರೆ ದೋಷವಿಲ್ಲ. ಬಾಯಾರಿಕೆಗೆ ಅದೇ ಮದ್ದೆಂದು ತಿಳಿದರೆ ಸಕ್ಕರೆ ದೇಹವನ್ನು ಸೇರುತ್ತ ಹೋಗುತ್ತದೆ.

ಪೆರಿಯಕುಳಂ, ಬತ್ತಲಗುಂಡು ದಾಟಿ ದಿಂಡಿಗಲ್ಲಿಗೆ ಬಂದಾಗ ನೀರಿನ ಕಥೆಯೇ ಬೇರೆಯಾಯಿತು. ಈ ಪಟ್ಟಣವು ಬೀಗಗಳಿಗೆ ಹೆಸರಾದಂತೆ ಚರ್ಮ ಹದಮಾಡುವ ಉದ್ಯಮಕ್ಕೂ ಹೆಸರಾದುದು. ಕೆಡದಂತೆ ಉಪ್ಪು ಹಚ್ಚಿ ತಂದ ತೊಗಲನ್ನು ತೊಳೆದ ನೀರು ಬಹುಕಾಲ ನೆಲಕ್ಕೆ ಇಳಿದು, ಆ ಭಾಗದ ಬಾವಿಗಳು ಉಪ್ಪಾದವು. 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಐದು ಜಿಲ್ಲೆಗಳ ಚರ್ಮದ ಕಾರ್ಖಾನೆಗಳಿಗೆ ದಂಡ ವಿಧಿಸಿ, ಕೊಳಕು ನೀರನ್ನು ಶುದ್ಧಿಗೊಳಿಸಲೇಬೇಕೆಂದು ಆಜ್ಞೆ ಮಾಡಿತು. ಆ ಐದರಲ್ಲಿ ದಿಂಡಿಗಲ್ಲೂ ಒಂದು. ಆದರೆ ನೆಲದೊಳಕ್ಕೆ ಹೋದ ಉಪ್ಪು ತೀರ್ಪಿನೊಂದಿಗೆ ಮೇಲೆ ಬರಲಾರದಷ್ಟೆ.

ಸಮೀಪದ ಚಿನ್ನಾಳಪಟ್ಟಿಯಲ್ಲಿ ದೇವಾಂಗ ನೇಕಾರರ ಮನೆಗೆ ಹೋಗಿದ್ದೆವು. ಸೀರೆ ನೇಯ್ಗೆಗೆ ಹೆಸರಾದ ಊರು ಅದು. ಇಲ್ಲಿಯೂ ಮನೆಮಾತು ಕನ್ನಡ. ಕೊಳವೆಬಾವಿಯ ‘ಉಪ್ಪು ತಣ್ಣಿ’ ಬಳಕೆಗೆ, ‘ನಲ್ಲ ತಣ್ಣಿ’ ಕುಡಿಯಲಿಕ್ಕೆ ಎಂದು ಎರಡು ಬಗೆಯ ನೀರನ್ನು ಬೇರೆ ಬೇರೆ ಕೊಡಗಳಲ್ಲಿ ಇಟ್ಟಿದ್ದರು. ಮೂಲೆಯಲ್ಲಿ 20 ಲೀಟರಿನ ಕ್ಯಾನು. ಮನೆಯ ಹಿರಿಯರಿಗೆ ಕ್ಯಾನಿನ ನೀರು ಸಪ್ಪೆ. ಮೊಮ್ಮಗನಿಗೆ ಬೇರೆ ಯಾವ ನೀರೂ ಬೇಡ. ಒಂದೇ ಸೂರಿನ ಕೆಳಗೆ ಎರಡು ನಾಲಿಗೆಗಳು! ಕಾವೇರಿಯ ನೀರೂ ಕೊಳವೆಯ ಮೂಲಕ ಈ ಜಿಲ್ಲೆಗೆ ಬರುತ್ತಿದೆಯೆಂದು ಕೇಳಿ ನಮಗೆ ಸಂತೋಷವಾಯಿತು. ಕೊಡಗಿನಲ್ಲಿ ಹುಟ್ಟಿದ ನದಿಯು ದೂರದ ಕನ್ನಡಿಗರ ಕೊಡವನ್ನೂ ತುಂಬುತ್ತಿದೆ.

ಆ ಹಿರಿಯರು ಮಗ್ಗದಲ್ಲಿ ಕುಳಿತರೆ ಮಧ್ಯಾಹ್ನದವರೆಗೆ ನೀರಿನ ನೆನಪೇ ಆಗುವುದಿಲ್ಲವೆಂದರು. ಇದೂ ಹಟವಲ್ಲ. ರಕ್ತದಲ್ಲಿ ಲವಣದ ಅಂಶ ಏರಿದಾಗ ಮೆದುಳು ಬಾಯಾರಿಕೆಯನ್ನು ಹುಟ್ಟಿಸುತ್ತದೆ. ವಯಸ್ಸಾದಂತೆ ಆ ಎಚ್ಚರಿಕೆ ಮಂದವಾಗುತ್ತದೆ. ಆದುದರಿಂದ ವೃದ್ಧರು ಬಾಯಾರಿಕೆಗೆ ಕಾಯದೆ ಹೊತ್ತುಹೊತ್ತಿಗೆ ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ರೋಗವಿರುವವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ನಾಲಿಗೆಗೆ ತಿಳಿಯದ ದೋಷವೂ ನೀರಿನಲ್ಲಿ ಇರಬಹುದೆಂಬುದನ್ನು ಮರೆಯುವಂತಿಲ್ಲ. ದಿಂಡಿಗಲ್ ಜಿಲ್ಲೆಯ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಮೂಳೆಗಳಿಗೆ ಕೇಡು. ಆದರೆ ರುಚಿಯಿಂದ ಅದು ತಿಳಿಯದು. ರುಚಿಯಾದ ನೀರೆಲ್ಲ ಒಳ್ಳೆಯದಲ್ಲ. ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಹಾಗಾದರೆ ಮನೆಯಲ್ಲಿ ನೀರು ಕುಡಿಯದವರಿಗೆ ಏನು ಮಾಡಬೇಕು? ಮೊದಲು ನೀರನ್ನೇ ವಿಚಾರಿಸಬೇಕು. ಬ್ಲೀಚಿಂಗ್ ಪುಡಿಯ ವಾಸನೆಯಿದ್ದರೆ ತೆರೆದ ಪಾತ್ರೆಯಲ್ಲಿ ಕುದಿಸಿದಾಗ ಬಹುಮಟ್ಟಿಗೆ ಹೋಗುತ್ತದೆ. ಬಳಿಕ ಮುಚ್ಚಿಟ್ಟು ಆರಿಸಬೇಕು. ಮಣ್ಣಿನ ಹೂಜಿ ನೀರನ್ನು ತಂಪಾಗಿಡುತ್ತದೆ. ಎರಡನೆಯದಾಗಿ ನಾಲಿಗೆಗೆ ಒಂದಿಷ್ಟು ಸಹಾಯ ಮಾಡಬಹುದು. ಜೀರಿಗೆ, ಲಾವಂಚ, ತುಳಸಿ ಸೇರಿದ ನೀರೂ ನೀರೇ. ಮಜ್ಜಿಗೆ, ಗಂಜಿತಿಳಿಗಳೂ ಲೆಕ್ಕಕ್ಕೆ ಬರುತ್ತವೆ. ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದ ನಮ್ಮ ಹಿರಿಯರು ಬರಿಯ ನೀರು ಕೆಲವರಿಗೆ ಇಳಿಯದೆಂಬುದನ್ನು ಬಲ್ಲವರೇ ಆಗಿದ್ದರು. ದಿನಕ್ಕೆ ಸುಮಾರು 2 ಲೀಟರು, ಅಂದರೆ 8 ಲೋಟ, ಸಾಮಾನ್ಯ ಅಳತೆ. ಬಿಸಿಲಿನಲ್ಲಿ ದುಡಿಯುವವರಿಗೆ ಇನ್ನೂ ಬೇಕು.

ಮೂರನೆಯ ಕಾರಣವೇ ಮುಖ್ಯ. ಶಾಲೆಯಲ್ಲಿ ಸೀಸೆಯ ನೀರನ್ನು ಹಾಗೆಯೇ ಮನೆಗೆ ತರುವ ಹುಡುಗಿಯನ್ನು ಗದರಿಸುವ ಮೊದಲು ಶಾಲೆಯ ಶೌಚಾಲಯಕ್ಕೆ ಬಾಗಿಲು, ಚಿಲಕ, ನೀರು ಇವೆಯೇ ಎಂದು ತಾಯಂದಿರು ವಿಚಾರಿಸಬೇಕು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯುವ ಗಂಟೆ ಮೊಳಗಿತು; ಅದೇ ವರ್ಷ ಕರ್ನಾಟಕವೂ, 2025ರಲ್ಲಿ ತಮಿಳುನಾಡೂ ಆ ಕ್ರಮವನ್ನು ಕೈಗೊಂಡವು. ಬಹಳ ಒಳ್ಳೆಯ ಏರ್ಪಾಡು. ಆದರೆ ಕುಡಿಯಲು ಗಂಟೆ ಹೊಡೆಯುವ ಶಾಲೆಯಲ್ಲಿ, ಕುಡಿದ ಬಳಿಕ ಹೋಗಲು ಶುಚಿಯಾದ ಜಾಗವೂ ಇರತಕ್ಕದ್ದು. ಅದಿಲ್ಲದೆ ಹೊಡೆದ ಗಂಟೆಗೆ ಹುಡುಗರು ಮಾತ್ರ ಓಗೊಡುತ್ತಾರೆ. ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆದೊಯ್ಯುವ ತೋಟದವರಿಗೂ, ಜೀಪಿನವರಿಗೂ ಇದೇ ಮಾತು ಅನ್ವಯಿಸುತ್ತದೆ.