ಮುಗಿದ ಪ್ರದರ್ಶನದ ಕರೆಯೋಲೆ

ಮುಂಬೈಯ ಜಹಾಂಗೀರ್ ಗ್ಯಾಲರಿಯಲ್ಲಿ ಚಿತ್ರಪ್ರದರ್ಶನವೆಂದರೆ ಒಂದು ವಾರದ ಮಾತು. ಅದರ ಆಮಂತ್ರಣದ ಕಾರ್ಡು ಅಂಚೆಯಲ್ಲಿ ಹೊರಟು, ಘಟಪ್ರಭಾದಲ್ಲಿ ರೈಲು ಇಳಿದು, ಬಸ್ಸು ಹತ್ತಿ, ಮೂಡಲಗಿಯ ಡ್ರಾಯಿಂಗ್ ಮಾಸ್ತರರ ಕೈ ಸೇರುವಷ್ಟರಲ್ಲಿ ಆ ಗೋಡೆಗಳ ಮೇಲೆ ಇನ್ಯಾರದೋ ಚಿತ್ರಗಳು ಬಂದಿರುತ್ತಿದ್ದವು. ಮಾಸ್ತರರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಹೋಗುವ ವಿಚಾರವಾದರೂ ಯಾರಿಗಿತ್ತು? ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಆ ಕಾರ್ಡೇ ಪ್ರದರ್ಶನ.

ಒಂದು ಮಗ್ಗುಲಿಗೆ ನುಣುಪು ಕಾಗದದ ಮೇಲೆ ಅಚ್ಚಾದ ಒಂದೇ ಒಂದು ಚಿತ್ರ. ಹಿಂದೆ ಕಲಾವಿದನ ಹೆಸರು, ತಾರೀಖು, ಗ್ಯಾಲರಿ ತೆರೆಯುವ ವೇಳೆ, ಸಣ್ಣ ಅಕ್ಷರದಲ್ಲಿ ಚಿತ್ರದ ಅಳತೆ. ಉಳಿದ ಅರ್ಧ ವಿಳಾಸಕ್ಕೆ, ಸ್ಟಾಂಪಿಗೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಕಲಾಶಾಲೆಗಳಂಥಲ್ಲಿ ಕಲಿತವರಲ್ಲಿ ಕೆಲವರು ಚಿತ್ರಕಾರರಾಗಲು ಮುಂಬೈ, ಬೆಂಗಳೂರಿಗೆ ಹೋದರು. ಹೆಚ್ಚಿನವರು ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರಾಗಿ ಉಳಿದರು. ಹೋದವರು ಉಳಿದವರನ್ನು ಮರೆತಿಲ್ಲ ಎನ್ನಲು ಈ ಕಾರ್ಡೇ ಗುರುತು. ಇವುಗಳ ಜೊತೆಗೆ 1954ರಲ್ಲಿ ಆರಂಭವಾದ ದಿಲ್ಲಿಯ ಲಲಿತ ಕಲಾ ಅಕಾಡೆಮಿ ಅಚ್ಚು ಹಾಕಿಸಿದ ಚಿತ್ರಗಳೂ ಅಪರೂಪಕ್ಕೆ ಬರುತ್ತಿದ್ದವು. ಎಲ್ಲವೂ ಡ್ರಾಯಿಂಗ್ ಪಿನ್ನಿನಿಂದ ನಮ್ಮ ಕ್ಲಾಸಿನ ಕಪಾಟಿನ ಬಾಗಿಲ ಮೇಲೆ.

ನಮ್ಮ ಗೋಕಾಕ ಸೀಮೆಯವರಿಗೆ ಚಿತ್ರ, ಬಣ್ಣ ಹೊಸವೇನಲ್ಲ. ಇಲ್ಲಿನ ಗೊಂಬೆಗಳ ಹೆಸರು 1884ರ ಬೆಳಗಾವಿ ಗೆಝೆಟಿಯರಿನಲ್ಲೇ ಇದೆ. ಹಗುರ ಕಟ್ಟಿಗೆಯ ದೇವರು, ಪ್ರಾಣಿ, ಮಣ್ಣಿನ ಹಣ್ಣು-ಕಾಯಿ. ಇಲ್ಲಿನ ಕುಶಲಕರ್ಮಿ ಮಾಡಿದ ಬದನೆಕಾಯಿಯನ್ನು ಹೆಚ್ಚಲು ಈಳಿಗೆ ತರಬೇಕು, ಮಾವಿನಹಣ್ಣಿಗೆ ಬಾಯಿ ಹಾಕಬೇಕು. ಆಗಲೇ ಕೆಲಸ ಗೆದ್ದಂತೆ. ಕಣ್ಣಿಗೆ ಮೋಸ ಮಾಡುವುದೇ ಕಲೆ ಎಂದು ನಂಬಿದ ಸೀಮೆಗೆ ಏನನ್ನೂ ಹೋಲದ ಚಿತ್ರವೊಂದು ಟಪಾಲಿನಲ್ಲಿ ಬಂದಿತ್ತು. ಡ್ರಾಯಿಂಗಿನ ಲೋವರ್ ಗ್ರೇಡ್ ಪರೀಕ್ಷೆಗೆ ತಂಬಿಗೆಯ ನೆರಳು ತಿದ್ದುತ್ತ ಕುಳಿತ ನಮಗೆ ಅದು ಮಾಸ್ತರರ ಹುಡುಗಾಟದಂತೆಯೇ ಕಂಡಿತು.

"ಇದರಾಗ ಏನ್ ಕಾಣಸ್ತೈತಿ?"

"ಏನಿಲ್ರಿ ಸರ್, ಬರೇ ಬಣ್ಣ ಐತ್ರಿ."

"ಹೌದಲ್ಲ? ಅಷ್ಟ ನೋಡು."

ಅವರು ಅದಕ್ಕಿಂತ ಹೆಚ್ಚು ಎಂದೂ ಹೇಳಲಿಲ್ಲ. ಈಗ ಯೋಚಿಸಿದರೆ, ಅಮೂರ್ತ ಚಿತ್ರದ ಬಗ್ಗೆ ನಾನು ಕೇಳಿದ ಅತಿ ಕಡಿಮೆ ಮಾತಿನ, ಬಹುಶಃ ಅತಿ ಒಳ್ಳೆಯ ಪಾಠ ಅದು. ಕಾರ್ಡು ತಿಂಗಳುಗಟ್ಟಲೆ ಅಲ್ಲೇ ಇರುತ್ತಿತ್ತು. ಬೇಡವೆಂದರೂ ಕಣ್ಣು ಬೀಳುತ್ತಿತ್ತು. ಒಮ್ಮೊಮ್ಮೆ ಯಾವನೋ ಕಿಡಿಗೇಡಿ ತಲೆಕೆಳಗು ಮಾಡಿ ಚುಚ್ಚುತ್ತಿದ್ದ. ಮಾಸ್ತರರು ಬಂದು ಸರಿ ಮಾಡುವವರೆಗೆ ನಮಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಎರಡನೇ ವರ್ಷಕ್ಕೆ ಗೊತ್ತಾಗತೊಡಗಿತು. "ಕೆಂಪು ಕೆಳಗ ಬರಬೇಕ್ರಿ ಸರ್, ಭಾರ ಐತಿ" ಎಂದು ನಮ್ಮಲ್ಲೊಬ್ಬ ಅಂದ. ಬಣ್ಣಕ್ಕೆ ತೂಕವಿದೆ ಎಂಬುದನ್ನು ನಮಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ.

ಚಿತ್ರಕಾರ ಎಸ್.ಎಚ್. ರಝಾ ಅವರ ಬಿಂದು ಮಾತ್ರ ಯಾರಿಗೂ ತೊಡಕಾಗಲಿಲ್ಲ. ದಿನಾ ಬೆಳಗ್ಗೆ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಮನೆಗಳ ಮಕ್ಕಳಿಗೆ ಅದೇನು ದೊಡ್ಡದು? ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಚಂಚಲ ಹುಡುಗ ರಝಾನನ್ನು ಹಿಡಿದು ಕೂರಿಸಲು ಅವನ ಮಾಸ್ತರರು ಗೋಡೆಯ ಮೇಲೆ ಚುಕ್ಕೆಯಿಟ್ಟು ಅದನ್ನೇ ನೋಡೆಂದರಂತೆ. ದಶಕಗಳ ನಂತರ ಪ್ಯಾರಿಸ್ಸಿನಲ್ಲಿದ್ದ ರಝಾ ಅದೇ ಚುಕ್ಕೆಗೆ ಮರಳಿದರು. ಹಳ್ಳಿ ಶಾಲೆಯ ಆ ಗೋಡೆಗೂ ನಮ್ಮ ಕಪಾಟಿನ ಬಾಗಿಲಿಗೂ ಅಷ್ಟೇನು ದೂರವಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಹಾಗಂತ ಕಾರ್ಡು ಸತ್ಯ ಹೇಳುತ್ತಿತ್ತೆಂದೇನಲ್ಲ. ಆಳೆತ್ತರದ ಕ್ಯಾನ್ವಾಸು ಅಂಗೈಯಗಲ ಆಗಿರುತ್ತಿತ್ತು. ಅಚ್ಚಿನಲ್ಲಿ ಬಣ್ಣ ಒಂದಿಷ್ಟು ಸರಿದರೆ ಕುಂಕುಮದ ಕೆಂಪು ಇಟ್ಟಂಗಿಯ ಕೆಂಪಾಗುತ್ತಿತ್ತು. ವಿ.ಎಸ್. ಗಾಯತೋಂಡೆಯವರು ರೋಲರ್, ಚೂರಿ ಹಿಡಿದು ಪದರದ ಮೇಲೆ ಪದರ ಎಳೆದು, ಕೆರೆದು, ವರ್ಷಕ್ಕೆ ಕೆಲವೇ ಚಿತ್ರ ಮುಗಿಸುತ್ತಿದ್ದರು. ಆ ಪದರಗಳೆಲ್ಲ ಕಾರ್ಡಿನಲ್ಲಿ ಚಪ್ಪಟೆ. ಬೆಂಗಳೂರಿನ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ತೆರೆದ ಮೇಲೆ ದೊಡ್ಡ ಕ್ಯಾನ್ವಾಸುಗಳ ಎದುರು ನಿಂತೆ. ಬೆರಗಾಯಿತು, ನಿಜ. ಆದರೆ ಪಕ್ಕದವರು ಮುಂದೆ ಸರಿದಂತೆ ನಾನೂ ಸರಿದೆ. ಕಾರ್ಡಿನ ಮುಂದೆ ಕಳೆದಷ್ಟು ಹೊತ್ತು ಯಾವ ಮೂಲಚಿತ್ರದ ಮುಂದೆಯೂ ನಾನು ಕಳೆದಿಲ್ಲ.

ಅಮೂರ್ತ ಕಲೆಗೂ ಕಾರ್ಡಿಗೂ ನಂಟು ಹಳೆಯದು. ಕ್ಯಾಂಡಿನ್‌ಸ್ಕಿ, ಕ್ಲೀ ಮೊದಲಾದ ಬೌಹೌಸ್ ಕಲಾಶಾಲೆಯ ಕಲಾವಿದರ ಕೃತಿಗಳು 1922ರ ಡಿಸೆಂಬರಿನಲ್ಲೇ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡಿದ್ದವು. ಮರುವರ್ಷ ಜರ್ಮನಿಯ ವೈಮಾರ್‌ನಲ್ಲಿ ತಮ್ಮ ಪ್ರದರ್ಶನದ ಪ್ರಚಾರಕ್ಕೆಂದು ಅವರು ಮಾಡಿದ್ದೇನು? 20 ಅಂಚೆ ಕಾರ್ಡುಗಳ ಒಂದು ಮಾಲೆ. ಶಾಂತಿನಿಕೇತನದ ನಂದಲಾಲ್ ಬೋಸರಂತೂ ಶಿಷ್ಯರಿಗೆ, ಗೆಳೆಯರಿಗೆ ಕೈಯಾರೆ ಚಿತ್ರ ಬರೆದ ಕಾರ್ಡುಗಳನ್ನೇ ಕಳಿಸುತ್ತಿದ್ದರು.

ನಮ್ಮ ಕಡೆ ಕಾರ್ಡಿನ ಹಬ್ಬವೆಂದರೆ ಸಂಕ್ರಾಂತಿ. ಪೇಟೆಯ ಅಂಗಡಿಗಳ ಮುಂದೆ ಗ್ರೀಟಿಂಗ್ ಕಾರ್ಡುಗಳು ಸಾಲಾಗಿ ತೂಗುತ್ತಿದ್ದವು. ರಾಜಕುಮಾರ್, ಶ್ರೀದೇವಿ, ಕಪಿಲ್ ದೇವ್, ಗುಲಾಬಿ ಹೂ. ನಾಲ್ಕು ಕಾಳು ಕುಸುರೆಳ್ಳು ಲಕೋಟೆಗೆ ಹಾಕಿ ಕಳಿಸಿದರೆ ವರ್ಷದ ಮುನಿಸು ಮುಗಿಯಿತು. ನಮ್ಮ ಮಾಸ್ತರರು ಮಾತ್ರ ಹಳೆಯ ಆಮಂತ್ರಣಗಳ ಹಿಂದೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಶುಭಾಶಯ ಬರೆದು ಬೀಗರಿಗೆ ಕಳಿಸಿಬಿಡುತ್ತಿದ್ದರು. ಹುಕ್ಕೇರಿಯ ಯಾವುದೋ ಮನೆಯಲ್ಲಿ ದೇವರ ಫೋಟೋದ ಚೌಕಟ್ಟಿಗೆ ನೀಲಿ-ಕಪ್ಪು ಪಟ್ಟೆಗಳ ಕಾರ್ಡು ಸಿಕ್ಕಿಸಿದ್ದನ್ನು ಕಂಡಿದ್ದೇನೆ. ಅದು ಏನು ಎಂದು ಆ ಮನೆಯವರು ಕೇಳಿರಲಿಲ್ಲ. ಮಾಸ್ತರರು ಕಳಿಸಿದ್ದು, ಅಷ್ಟೇ ಸಾಕಿತ್ತು.

ಈ ಕಾರ್ಡುಗಳೆಲ್ಲ ನಿಂತದ್ದು ಒಂದೇ ಏಟಿಗಲ್ಲ. ಮೊದಲು ಅಂಚೆಯ ಬದಲು ಕೊರಿಯರ್, ಆಮೇಲೆ ಇ-ಮೇಲ್, ಈಗ ವಾಟ್ಸಾಪು. ಆಮಂತ್ರಣ ಈಗ ಪ್ರದರ್ಶನಕ್ಕಿಂತ ಮೊದಲೇ ಬರುತ್ತದೆ, ದಾರಿ ತೋರಿಸುವ ನಕ್ಷೆಯೂ ಜೊತೆಗೆ. ಬಣ್ಣವೂ ಹಳೆಯ ಅಚ್ಚಿಗಿಂತ ಚೊಕ್ಕ. ಅದರ ಕೆಳಗೆ ಯಾರದೋ ಹುಟ್ಟುಹಬ್ಬದ ಕೇಕು, ಅದರ ಕೆಳಗೆ ಈರುಳ್ಳಿ ರೇಟು. ಹೆಬ್ಬೆರಳು ನಿಲ್ಲುವುದಿಲ್ಲ. ಮಾಸ್ತರರ ಕಪಾಟಿನ ಬಾಗಿಲಿನಿಂದ ಕಾರ್ಡು ಎಲ್ಲಿಗೂ ಸರಿಯುತ್ತಿರಲಿಲ್ಲ.

ಮಾಸ್ತರರು ತೀರಿಕೊಂಡ ಮೇಲೆ ಮಕ್ಕಳು ಟ್ರಂಕು ತೆಗೆದರು. ಹಲವು ಕಾರ್ಡುಗಳ ಹಿಂದೆ ಪೆನ್ನಿನಲ್ಲಿ ಬರೆದ ಸಾಲುಗಳಿದ್ದವು. "ಒಂದೂ ಮಾರಾಟ ಆಗಲಿಲ್ಲ. ಮಗಳ ಲಗ್ನ ಗೊತ್ತಾಗೇತಿ, ಮನಿ ಮಂದಿನ್ನೆಲ್ಲಾ ಕರಕೊಂಡ ಬರ್ರಿ" ಎಂದು ಒಬ್ಬರು. ಗೋಕಾಕ ಫಾಲ್ಸಿನ ಹಳೆಯ ಫೋಟೋ ಕಾರ್ಡು, ಅದೂ ಬ್ರಿಟಿಷರ ಕಾಲದ್ದಾದರೆ, ಕೊಳ್ಳಲು ಜನ ಇದ್ದಾರೆ. ಇವನ್ನು ಕೇಳುವವರಿಲ್ಲ. ಈ ಕಾರ್ಡು ಕಳಿಸಿದವರಲ್ಲಿ ರಝಾ, ಗಾಯತೋಂಡೆ ಆದವರು ಯಾರೂ ಇಲ್ಲ. ಇವರ ಮೇಲೆ ಪುಸ್ತಕ ಬರಲಿಲ್ಲ, ಕ್ಯಾಟಲಾಗ್ ಅಚ್ಚಾಗಲಿಲ್ಲ; ಇಂಥ ವರ್ಷ ಇಂಥವರು ಇಂಥ ಚಿತ್ರ ಬರೆದರು ಎನ್ನಲು ನಮ್ಮೂರಲ್ಲಿ ಇದ್ದ ದಾಖಲೆ ಆ ಟ್ರಂಕೊಂದೇ. ಕೈಗೆ ಸಿಕ್ಕಷ್ಟು ನಾನು ತಂದೆ. ಉಳಿದದ್ದನ್ನು ರದ್ದಿಯವನು ತೂಕಕ್ಕೆ ಹಾಕಿಕೊಂಡ. ನುಣುಪು ಕಾಗದಕ್ಕೆ ರೇಟು ಕಡಿಮೆಯಂತೆ, ಅದಕ್ಕೂ ಚೌಕಾಶಿ ಮಾಡಿದ.