ಜಗಲಿಯ ಮೇಲಿನ ಶುಭಸಂದೇಶ



ತೊಗರಿ ರಾಶಿಯ ಸಮಯದಲ್ಲಿ ಒಮ್ಮೆ ನಾವು ವಲಾಂಡಿಗೆ ಹೋಗಿದ್ದೆವು. ಭಾಲ್ಕಿ ದಾಟಿ ಗಡಿಯಾಚೆ ಹೋದರೆ ಸಿಗುವ ಊರು, ಈಗ ಲಾತೂರ್ ಜಿಲ್ಲೆ. 1956ರವರೆಗೆ ಈ ಸೀಮೆ ಬೀದರ್ ಜಿಲ್ಲೆಯದೇ ಆಗಿತ್ತು. ರಾಜ್ಯಗಳ ಮರುವಿಂಗಡಣೆಯಾದಾಗ ನಿಲಂಗಾ, ಉದಗೀರ್, ಅಹಮದ್‌ಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಅನೇಕ ಮನೆಗಳಲ್ಲಿ ಕನ್ನಡ ಉಳಿಯಿತು, ಶಾಲೆ ಮಾತ್ರ ಮರಾಠಿಯಾಯಿತು.

ನಮ್ಮ ಧರ್ಮಕೇಂದ್ರದ ತರುಣನೊಬ್ಬ ಅಲ್ಲಿ ಹೋರಿ ಕೊಳ್ಳಲು ಹೊರಟಿದ್ದ. ಹೆಸರಾಂತ ದೇವಣಿ ತಳಿ ಆ ಸೀಮೆಯದೇ ಅಲ್ಲವೇ! ನಾವೂ ಜೊತೆಗೂಡಿದೆವು. ಕೈಚೀಲದಲ್ಲಿ ಕನ್ನಡದ ಹೊಸ ಒಡಂಬಡಿಕೆ, ತಲೆಯಲ್ಲಿ 'ದೇವರ ಮಹಿಮೆ' ಕುರಿತು ಸಿದ್ಧವಾಗಿದ್ದ ಪ್ರಬೋಧನೆ. ಗುರುಗಳಾದವರಿಗೆ ಇದೊಂದು ಚಟ, ಕ್ಷಮಿಸಿ.

ಹೋರಿಯವರದು ಲಿಂಗಾಯತ ಮನೆ. ಅಂಗಳದಲ್ಲಿ ವ್ಯಾಪಾರ ನಡೆದಿರುವಾಗ ಮನೆಯ ಹಿರಿಯಜ್ಜಿ ನಮಗೆ ಚಹಾ ಕೊಟ್ಟರು. ನಾವು ಪುಸ್ತಕ ಕೊಟ್ಟೆವು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಜಗಲಿಯ ಮೇಲೆ ಬಸವಣ್ಣನವರ ಫೋಟೋದ ಪಕ್ಕಕ್ಕಿಟ್ಟು ವಿಭೂತಿ ಹಚ್ಚಿದರು. ನಮಗೋ ಒಳಗೊಳಗೇ ಕಸಿವಿಸಿ. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಸಾರಿತು. ಗುರುಮಠದಲ್ಲಿ ಅದರ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕವನ್ನೇ ಪಡೆದಿದ್ದೆವು. ಆ ಮೂರು ಬೆರಳ ಗೆರೆ ಕಂಡಾಗ ಅಂಕಗಳು ನೆರವಿಗೆ ಬರಲಿಲ್ಲ.

"ಅದು ಓದಲಿಕ್ಕೆ ಅವ್ವಾ" ಎಂದೆವು.

"ನನಗ ಅಕ್ಷರ ಬರಲ್ರಿ ಅಪ್ಪಾರೆ. ಮೊಮ್ಮಕ್ಕಳಿಗಿ ಮರಾಠಿ ಓದಲಾಕ ಬರ್ತದ, ಕನ್ನಡ ಬರಲ್ಲ. ನೀವೇ ಓದಿ ಹೇಳ್ರಿ."

ಓದುವ ಮುನ್ನವೇ ಅವರದೊಂದು ಪ್ರಶ್ನೆಯಿತ್ತು. ಮಗಳನ್ನು ಕಿಲ್ಲಾರಿ ಕಡೆಗೆ ಕೊಟ್ಟಿದ್ದರಂತೆ. 1993ರ ಸೆಪ್ಟೆಂಬರ್ 30, ಜನ ಗಣಪತಿ ಬಿಟ್ಟು ಬಂದು ಮಲಗಿದ್ದ ರಾತ್ರಿ. ನಸುಕಿನ ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷವಿದ್ದಾಗ ಭೂಮಿ ನಡುಗಿತು. ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೇ ಬಿದ್ದವು. ಸರ್ಕಾರದ ಲೆಕ್ಕದಲ್ಲೇ 7,900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಈ ತಾಯಿಯ ಮಗಳು, ಮಗಳ ಕೂಸು. ಕೆಲವು ವರ್ಷಗಳ ಮೇಲೆ ಧರ್ಮಪ್ರಚಾರಕ್ಕೆ ಬಂದ ಯಾರೋ ಒಬ್ಬರು, ನಿಜವಾದ ದೇವರನ್ನು ಅರಿಯದಿದ್ದುದಕ್ಕೆ ಈ ಶಿಕ್ಷೆ, ಇದರಿಂದ ದೇವರ ಮಹಿಮೆ ಪ್ರಕಟವಾಯಿತು ಎಂದು ಹೇಳಿ ಹೋಗಿದ್ದರು.

"ಖರೇ ಏನ್ರಿ ಅಪ್ಪಾರೆ? ನಿಮ್ಮ ಪುಸ್ತಕದಾಗ ಹಂಗ ಅದಾ?"

ಮುಖ ಎತ್ತಲಾಗಲಿಲ್ಲ. ಆ ಪ್ರಚಾರಕರು ಯಾರೋ ನಮಗೆ ಗೊತ್ತಿಲ್ಲ. ಆದರೆ ದೂರದ ದೇಶದ ಪ್ರವಾಹವನ್ನು 'ದೇವರ ಎಚ್ಚರಿಕೆ' ಎಂದು ಪೀಠದಿಂದ ನಿರಾಯಾಸವಾಗಿ ಹೇಳಿದವರು ನಾವೂ ಹೌದು. ಸತ್ತವರ ತಾಯಿ ಎದುರಿಗೆ ಕೂತಿರಲಿಲ್ಲ, ಅಷ್ಟೇ.

ಪುಸ್ತಕ ಬೇಡಿದೆವು. ಅವರು ಜಗಲಿಯಿಂದ ತೆಗೆದುಕೊಟ್ಟರು, ವಿಭೂತಿ ನಮ್ಮ ಬೆರಳಿಗೂ ಹತ್ತಿತು. ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯ ತೆರೆದು, ಓದಿ, ಅವರ ಮಾತಿನಲ್ಲೇ ತಿಳಿಸಿದೆವು. ಪಿಲಾತನು ಕೊಲ್ಲಿಸಿದ ಗಲಿಲೇಯದವರ ಸುದ್ದಿಯನ್ನು ಕೆಲವರು ಯೇಸುಸ್ವಾಮಿಯ ಬಳಿಗೆ ತರುತ್ತಾರೆ. ಸತ್ತವರು ಉಳಿದವರಿಗಿಂತ ಪಾಪಿಗಳೋ ಎಂದು ಸ್ವಾಮಿಯೇ ಕೇಳಿ, ಅಲ್ಲ ಎನ್ನುತ್ತಾರೆ. ಸಿಲೋವಾಮಿನಲ್ಲಿ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿಯ ವಿಷಯದಲ್ಲೂ ಅದೇ ಮಾತು.

ಅಲ್ಲಿಗೇ ನಿಲ್ಲಿಸುವ ಆಸೆಯಾಯಿತು. ಏಕೆಂದರೆ ಮುಂದಿನ ಮಾತು ಕಠಿಣ: ಮನಸ್ಸು ತಿರುಗಿಸದಿದ್ದರೆ ನೀವೂ ಹಾಗೆಯೇ ನಾಶವಾಗುವಿರಿ ಎಂದು. ಶುಭಸಂದೇಶವನ್ನು ನಮಗೆ ಬೇಕಾದಲ್ಲಿ ಕತ್ತರಿಸುವುದು ಸರಿಯಲ್ಲ, ಅದನ್ನೂ ಓದಿದೆವು.

ಅಜ್ಜಿ ತಡೆದರು. "ಇದು ಯಾರಿಗಿ ಹೇಳ್ಯಾರ? ಸತ್ತವರಿಗೇನು?"

"ಇಲ್ಲವ್ವಾ. ಸತ್ತವರ ಸುದ್ದಿ ತಂದವರಿಗೆ."

ಎಷ್ಟೋ ಸಲ ಈ ಭಾಗದ ಮೇಲೆ ಪ್ರಬೋಧನೆ ಕೊಟ್ಟಿದ್ದೇವೆ. ಅದು ನಮಗೇ ಹೇಳಿದ್ದೆಂದು ತಿಳಿದದ್ದು ವಲಾಂಡಿಯ ಆ ಪಡಸಾಲೆಯಲ್ಲಿ.

"ಹಂಗಾದ್ರ ನನ್ನ ಮಗಳ ಮ್ಯಾಲ ಏನೂ ಇಲ್ಲ?"

"ಏನೂ ಇಲ್ಲವ್ವಾ."

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತರು. ಆಮೇಲೆ ಮೊಮ್ಮಗನನ್ನು ಕರೆದು, "ಇವನಿಗಿ ಮರಾಠಿದಾಗ ಹೇಳ್ರಿ, ಇವನ ಅತ್ತಿ ವಿಷಯ ಅದ" ಎಂದರು. ನಮ್ಮ ಹರಕು ಮರಾಠಿಯಲ್ಲಿ ಹೇಳಿದೆವು, ಹುಡುಗ ಎರಡು ಕಡೆ ತಿದ್ದಿದ. 'ದೇವರ ಮಹಿಮೆ' ಕುರಿತ ಪ್ರಬೋಧನೆ ತಲೆಯಲ್ಲೇ ಉಳಿಯಿತು.

ಹೋರಿಯ ವ್ಯಾಪಾರ ಅಂದು ಕುದುರಲಿಲ್ಲ. ಮುಂದಿನ ಸಲ ಬರುವಾಗ ಮಕ್ಕಳಿಗೆ ಮರಾಠಿ ಪುಸ್ತಕ ತರುತ್ತೇವೆ ಎಂದೆವು.

"ತರ್ರಿ. ಆದ್ರ ಇದು ಇಲ್ಲೇ ಇರ್ಲಿ" ಎಂದು ಅಜ್ಜಿ ನಮ್ಮ ಕೈಯಿಂದ ಪುಸ್ತಕ ತೆಗೆದುಕೊಂಡು ಮತ್ತೆ ಜಗಲಿಯ ಮೇಲಿಟ್ಟರು.